ಜಾಲ ಪ್ರವೇಶ ದೃಢೀಕರಣ ತಂತ್ರಾಂಶ: ಮೂಲ ಸಂಕೇತದಿಂದ ಸ್ಥಾಪನೆ, ಸಂರಚನೆ ಮತ್ತು ಆಡಳಿತ

1. ಪೀಠಿಕೆ

ಗ್ರಂಥಾಲಯ, ಕಾಲೇಜು, ವಿದ್ಯಾರ್ಥಿ ನಿಲಯ, ಬಸ್ ನಿಲ್ದಾಣ ಮುಂತಾದ ಸ್ಥಳಗಳಲ್ಲಿ ಸಾರ್ವಜನಿಕರಿಗೆ ವೈಫೈ ಅಥವಾ ಇತರೆ ಜಾಲ ಸೌಲಭ್ಯವನ್ನು ಒದಗಿಸುವಾಗ, ಜಾಲವನ್ನು ಪ್ರವೇಶಿಸುವ ವ್ಯಕ್ತಿ ಯಾರು ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ. ಈ ಕಾರ್ಯವನ್ನು ದೃಢೀಕರಣ ಸರ್ವರ್ ಎಂಬ ಗಣಕಯಂತ್ರವು ನಿರ್ವಹಿಸುತ್ತದೆ. ಇದಕ್ಕಾಗಿ ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಮುಕ್ತ ತಂತ್ರಾಂಶಗಳಲ್ಲಿ ಫ್ರೀರೇಡಿಯಸ್ ಪ್ರಮುಖವಾದುದು. ಇದನ್ನು ಉಚಿತವಾಗಿ ಪಡೆದು, ಮೂಲ ಸಂಕೇತದಿಂದಲೇ ಸಿದ್ಧಪಡಿಸಿ ಸ್ಥಾಪಿಸಿಕೊಳ್ಳಲು ಅವಕಾಶವಿದೆ.

ಸ್ಥಾಪನೆಯ ಕಾರ್ಯವು ಕೆಲವೇ ಗಂಟೆಗಳಲ್ಲಿ ಮುಗಿಯುವಂತಹುದು. ಆದರೆ ಮೂಲ ಸಂಕೇತದಿಂದ ಸ್ಥಾಪಿಸಿದ ತಂತ್ರಾಂಶವು ತಾನಾಗಿಯೇ ಪರಿಷ್ಕರಣೆಗೊಳ್ಳುವುದಿಲ್ಲ. ಅದರ ಭದ್ರತೆ, ಪರಿಷ್ಕರಣೆ ಹಾಗೂ ದಾಖಲೆಗಳ ಸಂಪೂರ್ಣ ಹೊಣೆಯು ಸ್ಥಾಪಿಸಿದ ಸಂಸ್ಥೆಯ ಮೇಲೆಯೇ ಇರುತ್ತದೆ. ಈ ಹೊಣೆಯ ಸ್ವರೂಪವನ್ನು ಅರ್ಜಿದಾರರು ಹಾಗೂ ಸಂಸ್ಥೆಗಳು ಮುಂಚಿತವಾಗಿ ಅರಿತುಕೊಳ್ಳಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

2. ಯಾರಿಗೆ ಉಪಯುಕ್ತ

ಅ) ತಮ್ಮ ಆವರಣದಲ್ಲಿ ಜಾಲ ಸೌಲಭ್ಯ ಒದಗಿಸಲು ಇಚ್ಛಿಸುವ ಶಿಕ್ಷಣ ಸಂಸ್ಥೆಗಳು, ಸಂಘ ಸಂಸ್ಥೆಗಳು ಮತ್ತು ಸೈಬರ್ ಕೇಂದ್ರಗಳು.

ಆ) ಪ್ರಧಾನ ಮಂತ್ರಿ ವಾಣಿ ಯೋಜನೆಯಡಿ ಸೇವೆ ಒದಗಿಸಲು ಉದ್ದೇಶಿಸಿರುವವರು. ಕೇಂದ್ರ ಸಚಿವ ಸಂಪುಟವು ಡಿಸೆಂಬರ್ 2020ರಲ್ಲಿ ಅನುಮೋದಿಸಿದ ವ್ಯವಸ್ಥೆಯಂತೆ, ಅಂಗಡಿ ಅಥವಾ ಹೋಟೆಲ್‌ನಲ್ಲಿ ವೈಫೈ ನೀಡುವ ಸಾರ್ವಜನಿಕ ದತ್ತಾಂಶ ಕಚೇರಿಯು ಪರವಾನಗಿಯನ್ನಾಗಲಿ ನೋಂದಣಿಯನ್ನಾಗಲಿ ಪಡೆಯಬೇಕಾಗಿಲ್ಲ. ಅಂತಹ ಅನೇಕ ಕಚೇರಿಗಳ ಪರವಾಗಿ ಪ್ರವೇಶಾಧಿಕಾರ ಮತ್ತು ಬಳಕೆಯ ಲೆಕ್ಕವನ್ನು ನಿರ್ವಹಿಸುವ ಸಂಯೋಜಕ ಸಂಸ್ಥೆಯು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಜಾಲತಾಣದ ಮೂಲಕ ಶುಲ್ಕರಹಿತವಾಗಿ ನೋಂದಾಯಿಸಿಕೊಳ್ಳಬೇಕೆಂದು ತಿಳಿಸಲಾಗಿತ್ತು.

ಇ) ಇಂತಹ ಜಾಲಗಳನ್ನು ಬಳಸುವ ಸಾರ್ವಜನಿಕರು. ಇವರು ವಿಶೇಷವಾಗಿ ಕಂಡಿಕೆ 12ನ್ನು ಗಮನಿಸಬಹುದು.

3. ದೃಢೀಕರಣ ವ್ಯವಸ್ಥೆಯ ಸ್ವರೂಪ

ಈ ವ್ಯವಸ್ಥೆಯಲ್ಲಿ ಮೂರು ಪಾತ್ರಧಾರಿಗಳಿರುತ್ತಾರೆ. ಮೊದಲನೆಯವರು ಬಳಕೆದಾರರು. ಎರಡನೆಯದು ವೈಫೈ ಪ್ರವೇಶ ಬಿಂದು, ಸ್ವಿಚ್ ಮುಂತಾದ ಜಾಲ ಪ್ರವೇಶ ಉಪಕರಣ. ಮೂರನೆಯದು ದೃಢೀಕರಣ ಸರ್ವರ್. ಬಳಕೆದಾರರು ಸರ್ವರ್‌ನೊಂದಿಗೆ ನೇರವಾಗಿ ವ್ಯವಹರಿಸುವುದಿಲ್ಲ. ಉಪಕರಣವು ಅವರ ಪರವಾಗಿ ಕೋರಿಕೆಯನ್ನು ಸಲ್ಲಿಸುತ್ತದೆ. ಸರ್ವರ್ ಅದನ್ನು ಪರಿಶೀಲಿಸಿ ಅಂಗೀಕಾರ, ನಿರಾಕರಣೆ ಅಥವಾ ಹೆಚ್ಚುವರಿ ಮಾಹಿತಿಯ ಬೇಡಿಕೆ, ಈ ಮೂರರಲ್ಲಿ ಒಂದು ಉತ್ತರವನ್ನು ನೀಡುತ್ತದೆ.

ಸರ್ವರ್‌ನ ಕಾರ್ಯಗಳು ಕೆಳಕಂಡಂತಿವೆ:

ಅ) ದೃಢೀಕರಣ: ಕೋರಿಕೆ ಸಲ್ಲಿಸಿದವರು ಅವರೇ ಹೌದೇ ಎಂಬ ಪರಿಶೀಲನೆ.

ಆ) ಅಧಿಕಾರ ನೀಡಿಕೆ: ಅವರಿಗೆ ಯಾವ ಸೌಲಭ್ಯ, ಎಷ್ಟು ಅವಧಿಗೆ ಎಂಬ ನಿರ್ಣಯ.

ಇ) ಲೆಕ್ಕ: ಸಂಪರ್ಕ ಆರಂಭವಾದ ವೇಳೆ, ಮುಕ್ತಾಯವಾದ ವೇಳೆ ಹಾಗೂ ಬಳಸಿದ ದತ್ತಾಂಶದ ದಾಖಲೆ.

ಉಪಕರಣ ಮತ್ತು ಸರ್ವರ್ ನಡುವಿನ ಈ ವ್ಯವಹಾರದ ನಿಯಮಾವಳಿಗೆ ರೇಡಿಯಸ್ ಎಂದು ಹೆಸರು. ದೂರವಾಣಿ ಕರೆಯ ಮೂಲಕ ಅಂತರಜಾಲ ಸಂಪರ್ಕ ಪಡೆಯುತ್ತಿದ್ದ ಕಾಲದಲ್ಲಿ, 1991ರಲ್ಲಿ, ಅಮೆರಿಕದ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಸಂಸ್ಥೆಯು ಇದನ್ನು ರೂಪಿಸಿತು. ಬಳಕೆಯಲ್ಲಿರುವ ಮೂಲ ಮಾನಕ ದಾಖಲೆಗಳಾದ ಆರ್‌ಎಫ್‌ಸಿ 2865 ಮತ್ತು ಆರ್‌ಎಫ್‌ಸಿ 2866 ಜೂನ್ 2000ದಲ್ಲಿ ಪ್ರಕಟವಾದವು. ದೃಢೀಕರಣಕ್ಕೆ ಯುಡಿಪಿ ಪೋರ್ಟ್ 1812 ಮತ್ತು ಲೆಕ್ಕಕ್ಕೆ 1813ನ್ನು ನಿಗದಿಪಡಿಸಲಾಗಿದೆ. ಕೆಲವು ಹಳೆಯ ಉಪಕರಣಗಳು 1645 ಮತ್ತು 1646ನ್ನು ಬಳಸುತ್ತವೆ.

ಫ್ರೀರೇಡಿಯಸ್ ಯೋಜನೆಯು 1999ರಲ್ಲಿ ಆರಂಭವಾಯಿತು. ಅಲನ್ ಡಿಕಾಕ್ ಮತ್ತು ಮಿಕೆಲ್ ವಾನ್ ಸ್ಮೂರೆನ್‌ಬರ್ಗ್ ಇದರ ಸ್ಥಾಪಕರು. ತಂತ್ರಾಂಶವು ಜಿಪಿಎಲ್ ಆವೃತ್ತಿ 2ರ ಪರವಾನಗಿಯಡಿ ಲಭ್ಯವಿದೆ. ವಿದ್ಯಾರ್ಥಿಗಳು ಮತ್ತು ಸಂಶೋಧಕರು ತಮ್ಮ ಸಂಸ್ಥೆಯ ಖಾತೆಯಿಂದಲೇ ಬೇರೆ ಸಂಸ್ಥೆಗಳಲ್ಲಿ ವೈಫೈ ಬಳಸಲು ಅನುವು ಮಾಡುವ ಎಜುರೋಮ್ ಸೇವೆಯೂ ರೇಡಿಯಸ್ ನಿಯಮಾವಳಿಯನ್ನೇ ಅವಲಂಬಿಸಿದೆ. ಭಾರತದಲ್ಲಿ ಈ ಸೇವೆಯನ್ನು ಅರ್ನೆಟ್ ಇಂಡಿಯಾ ಸಂಸ್ಥೆಯು ನಿರ್ವಹಿಸುತ್ತದೆ.

4. ಸಿದ್ಧ ಆವೃತ್ತಿಯೋ ಮೂಲ ಸಂಕೇತವೋ

ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಮುಂತಾದ ಲಿನಕ್ಸ್ ಆವೃತ್ತಿಗಳೊಂದಿಗೆ ಫ್ರೀರೇಡಿಯಸ್ ಸಿದ್ಧ ರೂಪದಲ್ಲಿ ದೊರೆಯುತ್ತದೆ. ಹೆಚ್ಚಿನ ಸಂಸ್ಥೆಗಳಿಗೆ ಇದು ಸಾಕಾಗುತ್ತದೆ. ಭದ್ರತಾ ದೋಷ ಕಂಡುಬಂದಾಗ ಲಿನಕ್ಸ್ ವಿತರಕರೇ ತಿದ್ದುಪಡಿಯನ್ನು ಬಿಡುಗಡೆ ಮಾಡುತ್ತಾರೆ ಹಾಗೂ ಅದು ಸಾಮಾನ್ಯ ಪರಿಷ್ಕರಣೆಯೊಂದಿಗೆ ಸರ್ವರ್‌ಗೆ ಸೇರುತ್ತದೆ.

ಕೆಳಕಂಡ ಸಂದರ್ಭಗಳಲ್ಲಿ ಮಾತ್ರ ಮೂಲ ಸಂಕೇತದಿಂದ ಸಿದ್ಧಪಡಿಸುವುದು ಸೂಕ್ತ:

ಅ) ಸಿದ್ಧ ರೂಪದಲ್ಲಿ ದೊರೆಯುವ ಆವೃತ್ತಿಯು ಹಳೆಯದಾಗಿದ್ದು, ಅಗತ್ಯವಿರುವ ತಿದ್ದುಪಡಿ ಅದರಲ್ಲಿ ಸೇರಿಲ್ಲದಿರುವಾಗ.

ಆ) ವಿಶೇಷ ಘಟಕವೊಂದನ್ನು ಸೇರಿಸಬೇಕಾದಾಗ ಅಥವಾ ಅನಗತ್ಯ ಘಟಕಗಳನ್ನು ಕೈಬಿಡಬೇಕಾದಾಗ.

ಇ) ಸಂಕೇತವನ್ನು ಸ್ವತಃ ಪರಿಶೀಲಿಸಿ ಬಳಸಬೇಕೆಂಬ ನಿಯಮ ಸಂಸ್ಥೆಯಲ್ಲಿ ಇರುವಾಗ.

ಮೂಲ ಸಂಕೇತವನ್ನು ಆರಿಸಿಕೊಂಡ ಸಂಸ್ಥೆಯು ಪರಿಷ್ಕರಣೆಗೆ ಜವಾಬ್ದಾರರಾದ ಒಬ್ಬ ಸಿಬ್ಬಂದಿಯನ್ನು ಹಾಗೂ ಅವರ ಗೈರುಹಾಜರಿಯಲ್ಲಿ ಕಾರ್ಯ ನಿರ್ವಹಿಸುವ ಮತ್ತೊಬ್ಬರನ್ನು ಲಿಖಿತ ಆದೇಶದ ಮೂಲಕ ನೇಮಿಸುವುದು ಉಚಿತ.

5. ಸ್ಥಾಪನಾ ಕ್ರಮ

(ಆದೇಶಗಳನ್ನು ಹಾಗೂ ಕಡತಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ನೀಡಲಾಗಿದೆ. ಗಣಕಯಂತ್ರದಲ್ಲಿ ಇವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಮೂದಿಸತಕ್ಕದ್ದು.)

5.1 ಪಡೆಯುವಿಕೆ: ಮೂಲ ಸಂಕೇತದ ಕಡತವನ್ನು ಯೋಜನೆಯ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯತಕ್ಕದ್ದು. ಕಡತದೊಂದಿಗೆ ಅದರ ಡಿಜಿಟಲ್ ಸಹಿಯೂ ದೊರೆಯುತ್ತದೆ. ಜಿಪಿಜಿ ತಂತ್ರಾಂಶದ ಮೂಲಕ ಈ ಸಹಿಯನ್ನು ತಾಳೆ ನೋಡಿದ ನಂತರವೇ ಮುಂದುವರಿಯಬೇಕು. ಸಹಿ ತಾಳೆಯಾಗದ ಕಡತವನ್ನು ಬಳಸಬಾರದು.

5.2 ಪೂರ್ವಸಿದ್ಧತೆ: ಸಿ ಭಾಷೆಯ ಕಂಪೈಲರ್, ಮೇಕ್ ಸಾಧನ, ಟ್ಯಾಲಕ್ ಹಾಗೂ ಓಪನ್‌ಎಸ್‌ಎಸ್‌ಎಲ್ ಗ್ರಂಥಾಲಯಗಳ ಅಭಿವೃದ್ಧಿ ಕಡತಗಳು ಮೊದಲೇ ಇರಬೇಕು. ಬಳಕೆದಾರರ ವಿವರ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಅಥವಾ ಎಲ್‌ಡ್ಯಾಪ್ ಕೋಶದಲ್ಲಿದ್ದರೆ ಅವುಗಳ ಅಭಿವೃದ್ಧಿ ಕಡತಗಳೂ ಅಗತ್ಯ.

5.3 ಕಾನ್ಫಿಗರ್: ಕಡತವನ್ನು ಬಿಚ್ಚಿದ ನಂತರ ಅದರಲ್ಲಿನ ‘ಕಾನ್ಫಿಗರ್’ ಆದೇಶವನ್ನು ಚಲಾಯಿಸಬೇಕು. ಇದು ಗಣಕಯಂತ್ರದಲ್ಲಿ ಯಾವ ಗ್ರಂಥಾಲಯಗಳಿವೆ ಎಂಬುದನ್ನು ಪರೀಕ್ಷಿಸುತ್ತದೆ. ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಯಾವುದಾದರೂ ಘಟಕಕ್ಕೆ ಬೇಕಾದ ಗ್ರಂಥಾಲಯ ದೊರೆಯದಿದ್ದರೆ, ಕಾರ್ಯವು ಅಲ್ಲಿಗೇ ನಿಲ್ಲುವುದಿಲ್ಲ. ಆ ಘಟಕವನ್ನು ಕೈಬಿಟ್ಟು ಮುಂದುವರಿಯುತ್ತದೆ ಹಾಗೂ ಒಂದು ಸಾಲಿನ ಎಚ್ಚರಿಕೆಯನ್ನಷ್ಟೇ ಮುದ್ರಿಸುತ್ತದೆ. ನೂರಾರು ಸಾಲುಗಳ ನಡುವೆ ಇದು ಗಮನಕ್ಕೆ ಬಾರದೆ ಹೋಗುವ ಸಂಭವ ಹೆಚ್ಚು. ಆದ್ದರಿಂದ ಮುದ್ರಿತ ಸಾಲುಗಳನ್ನು ಕಡತದಲ್ಲಿ ಉಳಿಸಿಕೊಂಡು, ಎಚ್ಚರಿಕೆಗಳನ್ನು ಹುಡುಕಿ, ತಮಗೆ ಅಗತ್ಯವಿರುವ ಘಟಕ ಬಿಟ್ಟುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.

5.4 ಸಿದ್ಧಪಡಿಸುವಿಕೆ ಮತ್ತು ಸ್ಥಾಪನೆ: ‘ಮೇಕ್’ ಆದೇಶವನ್ನು ಸಾಮಾನ್ಯ ಬಳಕೆದಾರರ ಖಾತೆಯಿಂದಲೂ, ‘ಮೇಕ್ ಇನ್‌ಸ್ಟಾಲ್’ ಆದೇಶವನ್ನು ಆಡಳಿತ ಖಾತೆಯಿಂದಲೂ ಚಲಾಯಿಸಬೇಕು. ಬೇರೆ ಸೂಚನೆ ನೀಡದಿದ್ದಲ್ಲಿ ತಂತ್ರಾಂಶವು ಯೂಸರ್ ಲೋಕಲ್ ಡೈರೆಕ್ಟರಿಯ ಅಡಿಯಲ್ಲಿ ಸ್ಥಾಪನೆಯಾಗುತ್ತದೆ. ಸಂರಚನಾ ಕಡತಗಳು ಅಲ್ಲಿನ ಇಟಿಸಿ ಡೈರೆಕ್ಟರಿಯೊಳಗಿನ ‘ರಾಡ್‌ಡಿಬಿ’ ಎಂಬಲ್ಲಿ ಇರುತ್ತವೆ. ಸಿದ್ಧ ಆವೃತ್ತಿಗಳಲ್ಲಿ ಈ ಸ್ಥಳ ಬೇರೆಯಾಗಿರುತ್ತದೆ. ಒಂದೇ ಯಂತ್ರದಲ್ಲಿ ಎರಡೂ ಬಗೆಯ ಸ್ಥಾಪನೆ ಇದ್ದಲ್ಲಿ, ಒಂದರ ಕಡತವನ್ನು ತಿದ್ದಿ ಮತ್ತೊಂದನ್ನು ಚಲಾಯಿಸುವ ಗೊಂದಲ ಉಂಟಾಗುವುದರಿಂದ, ಮೊದಲಿನದನ್ನು ತೆಗೆದುಹಾಕುವುದು ಸೂಕ್ತ.

5.5 ಪ್ರತ್ಯೇಕ ಖಾತೆ: ಮೂಲ ಸಂಕೇತದಿಂದ ಸ್ಥಾಪಿಸಿದಾಗ, ಸರ್ವರ್ ಯಾವ ಖಾತೆಯಲ್ಲಿ ನಡೆಯಬೇಕೆಂಬ ಸಾಲುಗಳು ‘ರೇಡಿಯಸ್‌ಡಿ ಡಾಟ್ ಕಾನ್ಫ್’ ಕಡತದಲ್ಲಿ ನಿಷ್ಕ್ರಿಯ ಸ್ಥಿತಿಯಲ್ಲಿರುತ್ತವೆ. ಹಾಗೆಯೇ ಬಿಟ್ಟು ಆಡಳಿತ ಖಾತೆಯಿಂದ ಆರಂಭಿಸಿದಲ್ಲಿ ಸರ್ವರ್ ಸಂಪೂರ್ಣ ಆಡಳಿತಾಧಿಕಾರದೊಂದಿಗೆ ನಡೆಯುತ್ತದೆ. ಇದಕ್ಕೆಂದೇ ಸೀಮಿತ ಅಧಿಕಾರದ ಖಾತೆಯೊಂದನ್ನು ಸೃಜಿಸಿ, ಅದರ ಹೆಸರನ್ನು ಮೇಲ್ಕಂಡ ಸಾಲುಗಳಲ್ಲಿ ನಮೂದಿಸಬೇಕು. ರಾಡ್‌ಡಿಬಿ ಡೈರೆಕ್ಟರಿಯನ್ನು ಇತರೆ ಖಾತೆಗಳು ಓದಲಾಗದಂತೆ ನಿರ್ಬಂಧಿಸಬೇಕು.

5.6 ಪರೀಕ್ಷೆ: ಸರ್ವರ್ ಅನ್ನು ಮೊದಲ ಬಾರಿಗೆ ‘ರೇಡಿಯಸ್‌ಡಿ ಹೈಫನ್ ಎಕ್ಸ್’ (ಎಕ್ಸ್ ದೊಡ್ಡಕ್ಷರ) ಆದೇಶದಿಂದ, ಅಂದರೆ ದೋಷಪರಿಶೀಲನಾ ಸ್ಥಿತಿಯಲ್ಲಿ ಆರಂಭಿಸಬೇಕು. ಈ ಸ್ಥಿತಿಯಲ್ಲಿ ಪ್ರತಿಯೊಂದು ಕೋರಿಕೆಯನ್ನೂ ಸರ್ವರ್ ಹೇಗೆ ನಿರ್ಣಯಿಸಿತು ಎಂಬುದು ಪರದೆಯ ಮೇಲೆ ವಿವರವಾಗಿ ಮೂಡುತ್ತದೆ. ‘ರಾಡ್‌ಟೆಸ್ಟ್’ ಸಾಧನದಿಂದ ಅದೇ ಯಂತ್ರದಲ್ಲಿ ಪರೀಕ್ಷಾ ಕೋರಿಕೆ ಕಳುಹಿಸಿ, ಅಂಗೀಕಾರದ ಉತ್ತರ ಬಂದ ನಂತರವೇ ಹೊರಗಿನ ಉಪಕರಣಗಳನ್ನು ಸೇರಿಸಬೇಕು. ಈ ಸ್ಥಿತಿಯಲ್ಲಿ ಬಳಕೆದಾರರ ಪಾಸ್‌ವರ್ಡ್‌ಗಳು ಪರದೆಯಲ್ಲಿ ಯಥಾವತ್ತಾಗಿ ಕಾಣಿಸಿಕೊಳ್ಳಬಹುದಾದ ಕಾರಣ, ಅದರ ಪ್ರತಿಯನ್ನು ಪರಿಶೀಲಿಸದೆ ಹೊರಗಿನವರಿಗೆ ಕಳುಹಿಸಬಾರದು.

6. ಸಂರಚನೆ

ಫ್ರೀರೇಡಿಯಸ್‌ನೊಂದಿಗೆ ಬರುವ ಪೂರ್ವನಿಯೋಜಿತ ಸಂರಚನೆಯು ಬಹುಪಾಲು ಸಂದರ್ಭಗಳಿಗೆ ಸರಿಹೊಂದುತ್ತದೆ. ಅನಗತ್ಯವೆಂದು ತೋರಿದ ಭಾಗಗಳನ್ನು ಒಟ್ಟಾಗಿ ಅಳಿಸುವುದು ತೊಂದರೆಗೆ ಕಾರಣವಾಗುತ್ತದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಸರಿಯಿದ್ದಲ್ಲಿ ಪ್ರತಿ ಉಳಿಸಿಕೊಂಡು ಮುಂದುವರಿಯುವುದು ಸೂಕ್ತ ಕ್ರಮ.

6.1 ಉಪಕರಣಗಳ ನೋಂದಣಿ ಮತ್ತು ಹಂಚಿಕೆಯ ರಹಸ್ಯಪದ

ಕೋರಿಕೆ ಸಲ್ಲಿಸಲು ಅಧಿಕಾರವುಳ್ಳ ಪ್ರತಿಯೊಂದು ಉಪಕರಣವನ್ನೂ ‘ಕ್ಲೈಂಟ್ಸ್ ಡಾಟ್ ಕಾನ್ಫ್’ ಕಡತದಲ್ಲಿ ಅದರ ಐಪಿ ವಿಳಾಸ ಮತ್ತು ರಹಸ್ಯಪದದೊಂದಿಗೆ ನೋಂದಾಯಿಸಬೇಕು. ನೋಂದಣಿಯಾಗದ ಉಪಕರಣದ ಕೋರಿಕೆಗೆ ಸರ್ವರ್ ಯಾವ ಉತ್ತರವನ್ನೂ ನೀಡುವುದಿಲ್ಲ.

ರಹಸ್ಯಪದವು ಉಪಕರಣ ಮತ್ತು ಸರ್ವರ್‌ಗೆ ಮಾತ್ರ ತಿಳಿದಿರಬೇಕು. ಸಾಮಾನ್ಯ ಪಾಸ್‌ವರ್ಡ್ ವಿಧಾನದಲ್ಲಿ ಬಳಕೆದಾರರ ಪಾಸ್‌ವರ್ಡ್ ಇದರ ನೆರವಿನಿಂದಲೇ ಮರೆಮಾಡಲ್ಪಟ್ಟು ಜಾಲದಲ್ಲಿ ಸಾಗುತ್ತದೆ. ಬಳಕೆದಾರರ ಹೆಸರು, ಅವರ ಸಾಧನದ ವಿಳಾಸ ಮುಂತಾದ ಇತರೆ ವಿವರಗಳು ಮರೆಯಿಲ್ಲದೆ ಸಾಗುತ್ತವೆ. ಈ ಕಾರಣದಿಂದ:

ಅ) ಪರೀಕ್ಷೆಗೆಂದು ತಂತ್ರಾಂಶದೊಂದಿಗೆ ನೀಡಲಾಗಿರುವ ‘ಟೆಸ್ಟಿಂಗ್123’ ಎಂಬ ರಹಸ್ಯಪದವನ್ನು ಸೇವೆ ಆರಂಭಿಸುವ ಮುನ್ನ ಕಡ್ಡಾಯವಾಗಿ ಬದಲಿಸತಕ್ಕದ್ದು. ಇದು ಸಾರ್ವಜನಿಕವಾಗಿ ಎಲ್ಲರಿಗೂ ತಿಳಿದಿರುವ ಪದವಾಗಿದೆ.

ಆ) ರಹಸ್ಯಪದವು ಕನಿಷ್ಠ 16 ಅಕ್ಷರಗಳಷ್ಟಿರುವುದು ಲೇಸೆಂದು ಆರ್‌ಎಫ್‌ಸಿ 2865ರಲ್ಲಿಯೇ ತಿಳಿಸಲಾಗಿದೆ. ಇದನ್ನು ಮನುಷ್ಯರು ನೆನಪಿಡಬೇಕಾದ ಅಗತ್ಯವಿಲ್ಲದ ಕಾರಣ, ಗಣಕಯಂತ್ರದಿಂದಲೇ ಯಾದೃಚ್ಛಿಕವಾಗಿ ರಚಿಸಿದ ಇನ್ನೂ ದೀರ್ಘವಾದ ಪದವನ್ನು ಬಳಸಬಹುದು.

ಇ) ಪ್ರತಿ ಉಪಕರಣಕ್ಕೂ ಪ್ರತ್ಯೇಕ ರಹಸ್ಯಪದವಿರಬೇಕು. ಎಲ್ಲ ಉಪಕರಣಗಳಿಗೂ ಒಂದೇ ಪದವಿದ್ದಲ್ಲಿ, ಕಳುವಾದ ಒಂದು ಪ್ರವೇಶ ಬಿಂದುವಿನಿಂದ ಇಡೀ ಜಾಲದ ರಹಸ್ಯ ಬಯಲಾಗುತ್ತದೆ.

ಈ) ಪೋರ್ಟ್ 1812 ಮತ್ತು 1813ಕ್ಕೆ ನೋಂದಾಯಿತ ಉಪಕರಣಗಳಿಂದ ಮಾತ್ರ ಪ್ರವೇಶವಿರುವಂತೆ ಫೈರ್‌ವಾಲ್ ನಿಗದಿಪಡಿಸಬೇಕು. ಇವನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡಬಾರದು.

6.2 ಬಳಕೆದಾರರ ಪಾಸ್‌ವರ್ಡ್‌ಗಳ ಸಂಗ್ರಹ

ಪಾಸ್‌ವರ್ಡ್‌ಗಳನ್ನು ಯಾವ ರೂಪದಲ್ಲಿ ಸಂಗ್ರಹಿಸಲಾಗಿದೆ ಎಂಬುದರ ಮೇಲೆ ಯಾವ ದೃಢೀಕರಣ ವಿಧಾನ ಸಾಧ್ಯ ಎಂಬುದು ನಿರ್ಧಾರವಾಗುತ್ತದೆ. ಇದನ್ನು ಮುಂಚಿತವಾಗಿ ತೀರ್ಮಾನಿಸದೆ ಸಾವಿರಾರು ಖಾತೆಗಳನ್ನು ತೆರೆದ ನಂತರ ವಿಧಾನ ಬದಲಿಸಬೇಕಾದರೆ, ಎಲ್ಲರಿಗೂ ಹೊಸ ಪಾಸ್‌ವರ್ಡ್ ನೀಡಬೇಕಾದೀತು.

ಪೀಪ್ ವಿಧಾನವು ಸಾಮಾನ್ಯವಾಗಿ ಎಂಎಸ್‌ಚಾಪ್ ಆವೃತ್ತಿ 2ನ್ನು ಅವಲಂಬಿಸಿರುತ್ತದೆ. ಇದಕ್ಕೆ ಪಾಸ್‌ವರ್ಡ್ ಯಥಾರೂಪದಲ್ಲಾಗಲಿ ಎನ್‌ಟಿ ಹ್ಯಾಶ್ ರೂಪದಲ್ಲಾಗಲಿ ಲಭ್ಯವಿರಬೇಕು. ಉಪ್ಪು ಬೆರೆಸಿದ ಹ್ಯಾಶ್ ಎಂದು ಕರೆಯಲಾಗುವ ಬಲವಾದ ರೂಪದಲ್ಲಿ ಸಂಗ್ರಹಿಸಿದ್ದಲ್ಲಿ ಈ ವಿಧಾನ ಕಾರ್ಯ ನಿರ್ವಹಿಸುವುದಿಲ್ಲ. ಟಿಟಿಎಲ್‌ಎಸ್ ಸುರಂಗದೊಳಗೆ ಪ್ಯಾಪ್ ಬಳಸುವ ವಿಧಾನದಲ್ಲಿ ಬಲವಾದ ಹ್ಯಾಶ್‌ಗಳನ್ನೂ ಉಪಯೋಗಿಸಬಹುದು. ಪ್ರತಿ ಸಾಧನಕ್ಕೂ ಪ್ರಮಾಣಪತ್ರ ನೀಡುವ ಇಎಪಿ ಟಿಎಲ್‌ಎಸ್ ವಿಧಾನದಲ್ಲಿ ಪಾಸ್‌ವರ್ಡ್‌ನ ಅಗತ್ಯವೇ ಇರುವುದಿಲ್ಲ; ಆದರೆ ಪ್ರಮಾಣಪತ್ರ ವಿತರಣೆಯ ಕೆಲಸ ಹೆಚ್ಚುತ್ತದೆ.

6.3 ಪ್ರಮಾಣಪತ್ರಗಳು

ಸ್ಥಾಪನೆಯ ವೇಳೆ ದೊರೆಯುವ ಪ್ರಮಾಣಪತ್ರಗಳು ಪರೀಕ್ಷೆಗಾಗಿ ಮಾತ್ರ. ಇವುಗಳ ಪೂರ್ವನಿಯೋಜಿತ ಅವಧಿ 60 ದಿನಗಳು. ಇವುಗಳೊಂದಿಗೇ ಸೇವೆ ಆರಂಭಿಸಿದ ಸಂಸ್ಥೆಯಲ್ಲಿ ಎರಡು ತಿಂಗಳ ನಂತರ ಎಲ್ಲ ಬಳಕೆದಾರರ ಸಂಪರ್ಕವೂ ಏಕಕಾಲಕ್ಕೆ ವಿಫಲವಾಗುವ ಸಂಭವವಿದೆ. ಆದ್ದರಿಂದ ಸಂಸ್ಥೆಯು ತನ್ನದೇ ಪ್ರಮಾಣೀಕರಣ ಮೂಲವನ್ನು ರಚಿಸಿಕೊಂಡು, ಅದರ ಅವಧಿ ಮುಗಿಯುವ ದಿನಾಂಕವನ್ನು ಕಚೇರಿಯ ದಿನಚರಿಯಲ್ಲಿ ದಾಖಲಿಸತಕ್ಕದ್ದು.

ಬಳಕೆದಾರರ ಸಾಧನದಲ್ಲಿ ಪ್ರಮಾಣಪತ್ರದ ಪರಿಶೀಲನೆಯನ್ನು ಕಡ್ಡಾಯಗೊಳಿಸದಿದ್ದರೆ ಇಡೀ ವ್ಯವಸ್ಥೆ ನಿಷ್ಪ್ರಯೋಜಕವಾಗುತ್ತದೆ. ಅದೇ ಹೆಸರಿನ ನಕಲಿ ವೈಫೈ ಬಿಂದುವನ್ನು ಇರಿಸಿದವರು ಬಳಕೆದಾರರ ದೃಢೀಕರಣ ಮಾಹಿತಿಯನ್ನು ಸೆಳೆದುಕೊಳ್ಳಬಹುದು. ಎಂಎಸ್‌ಚಾಪ್ ಆವೃತ್ತಿ 2ರ ವಿನಿಮಯವನ್ನು ಹೀಗೆ ಸೆಳೆದಲ್ಲಿ ಅದನ್ನು ಭೇದಿಸಲು ಸಾಧ್ಯವೆಂಬುದನ್ನು 2012ರಲ್ಲಿಯೇ ಭದ್ರತಾ ಸಂಶೋಧಕರು ಸಾರ್ವಜನಿಕವಾಗಿ ನಿರೂಪಿಸಿದ್ದಾರೆ.

7. 2024ರ ಭದ್ರತಾ ದೋಷ ಮತ್ತು ಕೈಗೊಳ್ಳಬೇಕಾದ ಕ್ರಮ

ಜುಲೈ 2024ರಲ್ಲಿ ರೇಡಿಯಸ್ ನಿಯಮಾವಳಿಯಲ್ಲಿಯೇ ಇರುವ ಒಂದು ದೋಷವನ್ನು ಸಂಶೋಧಕರು ಪ್ರಕಟಿಸಿದರು. ಇದು ಬ್ಲಾಸ್ಟ್‌ರೇಡಿಯಸ್ ಎಂಬ ಹೆಸರಿನಿಂದ ಪರಿಚಿತವಾಗಿದ್ದು, ಸಿವಿಇ-2024-3596 ಎಂಬ ಸಂಖ್ಯೆಯನ್ನು ಹೊಂದಿದೆ. ಸರ್ವರ್‌ನ ಉತ್ತರವು ನೈಜವೇ ಎಂಬುದನ್ನು ಖಚಿತಪಡಿಸಲು ನಿಯಮಾವಳಿಯು ಎಂಡಿ5 ಎಂಬ ಹಳೆಯ ವಿಧಾನವನ್ನು ಬಳಸುತ್ತದೆ. ಎಂಡಿ5 ದುರ್ಬಲವೆಂಬುದು 2004ರಿಂದಲೇ ತಿಳಿದಿತ್ತು. ಉಪಕರಣ ಮತ್ತು ಸರ್ವರ್ ನಡುವಿನ ಮಾರ್ಗದಲ್ಲಿ ನೆಲೆಸಿದ ಆಕ್ರಮಣಕಾರರು, ರಹಸ್ಯಪದವಾಗಲಿ ಬಳಕೆದಾರರ ಪಾಸ್‌ವರ್ಡ್ ಆಗಲಿ ತಿಳಿಯದೆಯೇ, ನಿರಾಕರಣೆಯ ಉತ್ತರವನ್ನು ಅಂಗೀಕಾರದ ಉತ್ತರವಾಗಿ ಪರಿವರ್ತಿಸಬಹುದೆಂದು ಈ ಸಂಶೋಧನೆ ತೋರಿಸಿತು. ದೀರ್ಘವಾದ ರಹಸ್ಯಪದವೂ ಇದನ್ನು ತಡೆಯಲಾರದು. ಇಎಪಿ ಆಧಾರಿತ ವಿಧಾನಗಳಲ್ಲಿ ‘ಮೆಸೇಜ್ ಅಥೆಂಟಿಕೇಟರ್’ ಎಂಬ ಹೆಚ್ಚುವರಿ ಮುದ್ರೆ ಕಡ್ಡಾಯವಾಗಿರುವ ಕಾರಣ ಅವುಗಳಿಗೆ ಈ ದೋಷ ಬಾಧಿಸುವುದಿಲ್ಲ.

ಫ್ರೀರೇಡಿಯಸ್ ಆವೃತ್ತಿ 3.2.5ರಲ್ಲಿ ಇದಕ್ಕೆ ಪರಿಹಾರವನ್ನು ಸೇರಿಸಲಾಗಿದೆ. ಸಿದ್ಧ ಆವೃತ್ತಿ ಬಳಸುವವರಿಗೆ ತಿದ್ದುಪಡಿಯು ವಿತರಕರ ಪರಿಷ್ಕರಣೆಯ ಮೂಲಕ ತಲುಪುತ್ತದೆ. ಮೂಲ ಸಂಕೇತದಿಂದ ಸ್ಥಾಪಿಸಿದವರು ಕೆಳಕಂಡ ಕ್ರಮಗಳನ್ನು ತಾವೇ ಕೈಗೊಳ್ಳಬೇಕು:

ಅ) ‘ರೇಡಿಯಸ್‌ಡಿ ಹೈಫನ್ ವಿ’ (ವಿ ಚಿಕ್ಕಕ್ಷರ) ಆದೇಶದಿಂದ ಆವೃತ್ತಿಯನ್ನು ಪರಿಶೀಲಿಸಿ, 3.2.5ಕ್ಕಿಂತ ಹಿಂದಿನದಾಗಿದ್ದಲ್ಲಿ ಹೊಸ ಆವೃತ್ತಿಯನ್ನು ಸಿದ್ಧಪಡಿಸಿ ಸ್ಥಾಪಿಸುವುದು.

ಆ) ಮರುಸ್ಥಾಪನೆಯ ವೇಳೆ ಈಗಾಗಲೇ ಇರುವ ಸಂರಚನಾ ಕಡತಗಳು ಬದಲಾಗುವುದಿಲ್ಲವೆಂಬುದನ್ನು ಗಮನಿಸುವುದು. ಸಂಸ್ಥೆಯು ಮಾಡಿಕೊಂಡ ಬದಲಾವಣೆಗಳು ಅಳಿಸಿಹೋಗದಿರಲೆಂದು ಹೀಗೆ ವ್ಯವಸ್ಥೆ ಮಾಡಲಾಗಿದೆ. ಆದರೆ ಇದೇ ಕಾರಣದಿಂದ ಹೊಸ ಭದ್ರತಾ ಸಾಲುಗಳೂ ಹಳೆಯ ಕಡತದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹೊಸ ಆವೃತ್ತಿಯೊಂದಿಗಿನ ಮಾದರಿ ಕಡತಗಳನ್ನು ಹಳೆಯದರೊಂದಿಗೆ ಹೋಲಿಸಿ ಸೇರಿಸಿಕೊಳ್ಳಬೇಕು.

ಇ) ಪ್ರತಿ ಉಪಕರಣದ ತಯಾರಕರಿಂದ ಪರಿಷ್ಕೃತ ಫರ್ಮ್‌ವೇರ್ ಪಡೆದು ಅಳವಡಿಸುವುದು.

ಈ) ಪರಿಷ್ಕೃತಗೊಂಡ ಉಪಕರಣಗಳ ನೋಂದಣಿಯಲ್ಲಿ ‘ರಿಕ್ವೈರ್ ಮೆಸೇಜ್ ಅಥೆಂಟಿಕೇಟರ್’ ಸಾಲಿಗೆ ‘ಯೆಸ್’ ಎಂದು ನಮೂದಿಸುವುದು.

ಉ) ದೂರದ ಕಚೇರಿಗಳ ಉಪಕರಣಗಳು ಸಾರ್ವಜನಿಕ ಅಂತರಜಾಲದ ಮೂಲಕ ಸರ್ವರ್ ತಲುಪುತ್ತಿದ್ದಲ್ಲಿ, ವಿಪಿಎನ್ ಅಥವಾ ರಾಡ್‌ಸೆಕ್ ವ್ಯವಸ್ಥೆಯನ್ನು ಅಳವಡಿಸುವುದು. ರಾಡ್‌ಸೆಕ್ ವಿಧಾನದಲ್ಲಿ ಇಡೀ ವ್ಯವಹಾರವು ಟಿಎಲ್‌ಎಸ್ ಗೂಢಲಿಪಿಯಲ್ಲಿ, ಟಿಸಿಪಿ ಪೋರ್ಟ್ 2083ರ ಮೂಲಕ ಸಾಗುತ್ತದೆ.

ಓಪನ್‌ಎಸ್‌ಎಸ್‌ಎಲ್ ಗ್ರಂಥಾಲಯಕ್ಕೂ ಇದೇ ಎಚ್ಚರ ಅನ್ವಯಿಸುತ್ತದೆ. ಸಿದ್ಧಪಡಿಸಿದಾಗ ಇದ್ದ ಆವೃತ್ತಿಗೂ ಚಲಾಯಿಸುವಾಗ ಇರುವ ಆವೃತ್ತಿಗೂ ಹೊಂದಾಣಿಕೆಯಾಗದಿದ್ದರೆ ಸರ್ವರ್ ಆರಂಭವಾಗಲು ನಿರಾಕರಿಸುತ್ತದೆ. ಅಂತಹ ಸಂದರ್ಭದಲ್ಲಿ ತಂತ್ರಾಂಶವನ್ನು ಪುನಃ ಸಿದ್ಧಪಡಿಸುವುದೇ ಸರಿಯಾದ ಮಾರ್ಗ.

8. ಬಳಕೆಯ ಲೆಕ್ಕ

ಶುಲ್ಕ ವಿಧಿಸುವ ಅಥವಾ ಬಳಕೆಗೆ ಮಿತಿ ನಿಗದಿಪಡಿಸುವ ಸಂಸ್ಥೆಗಳಿಗೆ ಈ ಭಾಗವು ಅತಿ ಮುಖ್ಯ. ಉಪಕರಣವು ಪ್ರತಿ ಸಂಪರ್ಕಕ್ಕೂ ಆರಂಭ, ಮಧ್ಯಂತರ ಮತ್ತು ಮುಕ್ತಾಯ ಎಂಬ ವರದಿಗಳನ್ನು ಕಳುಹಿಸುತ್ತದೆ.

8.1 ದಿಕ್ಕಿನ ಗೊಂದಲ: ‘ಇನ್‌ಪುಟ್’ ಮತ್ತು ‘ಔಟ್‌ಪುಟ್’ ಎಂಬ ಪದಗಳು ಉಪಕರಣದ ದೃಷ್ಟಿಯಿಂದ ನೀಡಲ್ಪಟ್ಟವು. ಇನ್‌ಪುಟ್ ಎಂದರೆ ಬಳಕೆದಾರರು ಕಳುಹಿಸಿದ ದತ್ತಾಂಶ. ಔಟ್‌ಪುಟ್ ಎಂದರೆ ಬಳಕೆದಾರರು ಪಡೆದ ದತ್ತಾಂಶ. ಇದನ್ನು ತಲೆಕೆಳಗಾಗಿ ಅರ್ಥೈಸಿ ಬಿಲ್ಲು ತಯಾರಿಸಿದಲ್ಲಿ ಮೊತ್ತವೇ ತಪ್ಪಾಗುತ್ತದೆ.

8.2 ನಾಲ್ಕು ಗಿಗಾಬೈಟ್ ಮಿತಿ: ದತ್ತಾಂಶದ ಎಣಿಕೆಯ ಸ್ಥಾನವು 32 ಬಿಟ್‌ಗಳದ್ದಾಗಿದ್ದು, 4 ಗಿಗಾಬೈಟ್ ತಲುಪಿದೊಡನೆ ಪುನಃ ಸೊನ್ನೆಯಿಂದ ಆರಂಭವಾಗುತ್ತದೆ. ಎಷ್ಟು ಬಾರಿ ಹೀಗೆ ಸುತ್ತಿತು ಎಂಬುದನ್ನು ‘ಗಿಗಾವರ್ಡ್ಸ್’ ಎಂಬ ಪ್ರತ್ಯೇಕ ಅಂಶ ತಿಳಿಸುತ್ತದೆ. ಉದಾಹರಣೆಗೆ, 9 ಗಿಗಾಬೈಟ್ ಬಳಸಿದವರ ದಾಖಲೆಯಲ್ಲಿ ಗಿಗಾವರ್ಡ್ಸ್ 2 ಎಂದೂ ಉಳಿದ ಎಣಿಕೆ 1 ಗಿಗಾಬೈಟ್ ಎಂದೂ ಇರುತ್ತದೆ. ಗಿಗಾವರ್ಡ್ಸ್ ಅನ್ನು ಪರಿಗಣಿಸದ ಲೆಕ್ಕದಲ್ಲಿ 8 ಗಿಗಾಬೈಟ್ ಕಾಣೆಯಾಗುತ್ತದೆ.

8.3 ಮುಕ್ತಾಯವಿಲ್ಲದ ಸಂಪರ್ಕಗಳು: ವಿದ್ಯುತ್ ಕಡಿತದಿಂದ ಉಪಕರಣ ಸ್ಥಗಿತಗೊಂಡರೆ ಮುಕ್ತಾಯದ ವರದಿ ಬರುವುದಿಲ್ಲ. ದಾಖಲೆಯಲ್ಲಿ ಆ ವ್ಯಕ್ತಿ ಸಂಪರ್ಕದಲ್ಲಿಯೇ ಇರುವಂತೆ ಉಳಿಯುತ್ತಾರೆ. ಒಬ್ಬರಿಗೆ ಒಂದೇ ಸಂಪರ್ಕ ಎಂಬ ನಿಯಮವಿದ್ದಲ್ಲಿ, ವಿದ್ಯುತ್ ಮರಳಿದ ನಂತರ ಅವರಿಗೆ ಅನ್ಯಾಯವಾಗಿ ಪ್ರವೇಶ ನಿರಾಕರಣೆಯಾಗಬಹುದು. ಮಧ್ಯಂತರ ವರದಿಗಳನ್ನು ಸಕ್ರಿಯಗೊಳಿಸಿ, ನಿಗದಿತ ಅವಧಿಯಲ್ಲಿ ವರದಿ ಬಾರದ ಸಂಪರ್ಕಗಳನ್ನು ಮುಕ್ತಾಯಗೊಂಡವೆಂದು ಪರಿಗಣಿಸುವುದು ಇದಕ್ಕೆ ಪರಿಹಾರ. ಮಧ್ಯಂತರ ವರದಿಯ ಅಂತರವು 600 ಸೆಕೆಂಡುಗಳಿಗಿಂತ ಕಡಿಮೆ ಇರದಿರುವುದು ಸೂಕ್ತವೆಂದು ಮಾನಕ ದಾಖಲೆಯಲ್ಲಿ ತಿಳಿಸಲಾಗಿದೆ.

9. ದಾಖಲೆಗಳ ಸಂರಕ್ಷಣೆ

9.1 ಪ್ರವೇಶದ ಅಂಗೀಕಾರ ಮತ್ತು ನಿರಾಕರಣೆಗಳನ್ನು ದಾಖಲಿಸುವ ‘ಆಥ್’ ಸಾಲು ಪೂರ್ವನಿಯೋಜಿತವಾಗಿ ‘ನೋ’ ಎಂದಿರುತ್ತದೆ. ಇದನ್ನು ‘ಯೆಸ್’ ಎಂದು ಬದಲಿಸಬೇಕು. ಆದರೆ ಪಾಸ್‌ವರ್ಡ್‌ಗಳನ್ನೂ ದಾಖಲಿಸುವ ‘ಆಥ್ ಬ್ಯಾಡ್‌ಪಾಸ್’ ಮತ್ತು ‘ಆಥ್ ಗುಡ್‌ಪಾಸ್’ ಸಾಲುಗಳನ್ನು ‘ನೋ’ ಎಂದೇ ಉಳಿಸತಕ್ಕದ್ದು. ತಪ್ಪಾಗಿ ನಮೂದಾದ ಪಾಸ್‌ವರ್ಡ್ ಹೆಚ್ಚಿನ ವೇಳೆ ಸರಿಯಾದ ಪಾಸ್‌ವರ್ಡ್‌ಗಿಂತ ಒಂದೇ ಅಕ್ಷರದಷ್ಟು ಭಿನ್ನವಾಗಿರುತ್ತದೆ ಅಥವಾ ಅದೇ ವ್ಯಕ್ತಿಯ ಬೇರೆ ಖಾತೆಯದ್ದಾಗಿರುತ್ತದೆ.

9.2 ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ದ ಪ್ರಕರಣ 70ಬಿ ಅಡಿಯಲ್ಲಿ ಸರ್ಟ್-ಇನ್ ಸಂಸ್ಥೆಯು ದಿನಾಂಕ 28-04-2022ರಂದು ಹೊರಡಿಸಿದ ನಿರ್ದೇಶನಗಳು ಸೇವಾದಾರರು, ಮಧ್ಯವರ್ತಿಗಳು, ದತ್ತಾಂಶ ಕೇಂದ್ರಗಳು, ನಿಗಮಿತ ಸಂಸ್ಥೆಗಳು ಹಾಗೂ ಸರ್ಕಾರಿ ಸಂಸ್ಥೆಗಳಿಗೆ ಅನ್ವಯಿಸುತ್ತವೆ. ಇದರಂತೆ ವ್ಯವಸ್ಥೆಯ ದಾಖಲೆಗಳನ್ನು 180 ದಿನಗಳ ಕಾಲ ಸುರಕ್ಷಿತವಾಗಿ ಕಾಯ್ದಿರಿಸಬೇಕು, ನಿಗದಿಪಡಿಸಿದ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಹಾಗೂ ಗಣಕಯಂತ್ರಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗೆ, ಅಥವಾ ಅವುಗಳಿಗೆ ಹೊಂದಿಸಲಾದ ಸರ್ವರ್‌ಗೆ, ಹೊಂದಿಸಿಕೊಳ್ಳಬೇಕು.

9.3 ಸೈಬರ್ ಕೆಫೆಗಳಿಗೆ ಸಂಬಂಧಿಸಿದ 2011ರ ಮಾರ್ಗಸೂಚಿ ನಿಯಮಗಳಲ್ಲಿ ದಾಖಲೆಗಳನ್ನು ಕನಿಷ್ಠ 1 ವರ್ಷ ಕಾಯ್ದಿರಿಸಲು ತಿಳಿಸಲಾಗಿದೆ.

9.4 ಸಮಯದ ನಿಖರತೆಗೆ ವಿಶೇಷ ಗಮನ ಅಗತ್ಯ. ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಅನೇಕರು ಹಂಚಿಕೊಳ್ಳುವ ಜಾಲದಲ್ಲಿ, ತನಿಖೆಯ ಸಂದರ್ಭದಲ್ಲಿ ವ್ಯಕ್ತಿಯನ್ನು ಗುರುತಿಸಲು ವೇಳೆಯೇ ಮುಖ್ಯ ಆಧಾರವಾಗುತ್ತದೆ. ಗಡಿಯಾರವು ಹತ್ತು ನಿಮಿಷ ವ್ಯತ್ಯಾಸವಾಗಿದ್ದರೂ ನಿರಪರಾಧಿಯೊಬ್ಬರ ಹೆಸರು ಮುಂದೆ ಬರುವ ಸಾಧ್ಯತೆಯಿದೆ.

9.5 ದಾಖಲೆಗಳಲ್ಲಿ ನಾಗರಿಕರ ವೈಯಕ್ತಿಕ ಮಾಹಿತಿ ಇರುವ ಕಾರಣ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 2023ನ್ನು ಗಮನದಲ್ಲಿರಿಸಿ, ಅಗತ್ಯವಿಲ್ಲದ ವಿವರಗಳನ್ನು ಸಂಗ್ರಹಿಸದಿರುವುದು ಹಾಗೂ ಅವಧಿ ಮುಗಿದವುಗಳನ್ನು ವಿಲೇವಾರಿ ಮಾಡುವುದು ಸೂಕ್ತ.

10. ನಿಯತಕಾಲಿಕ ಆಡಳಿತ ಕಾರ್ಯಗಳು

ಪ್ರತಿದಿನ: ನಿರಾಕರಣೆಗಳ ಸಂಖ್ಯೆಯ ಪರಿಶೀಲನೆ. ಒಂದೇ ಖಾತೆಗೆ ಅಥವಾ ಒಂದೇ ಉಪಕರಣದಿಂದ ಅಸಹಜವಾಗಿ ಹೆಚ್ಚು ನಿರಾಕರಣೆಗಳಿದ್ದಲ್ಲಿ ಕಾರಣ ಪತ್ತೆ ಮಾಡುವುದು.

ಪ್ರತಿ ವಾರ: ಸಂರಚನಾ ಕಡತಗಳ ಹಾಗೂ ದತ್ತಸಂಚಯದ ಪ್ರತಿಯನ್ನು ಗೂಢಲಿಪಿಗೊಳಿಸಿ ಬೇರೆಡೆ ಇರಿಸುವುದು. ಈ ಪ್ರತಿಯಲ್ಲಿ ಎಲ್ಲ ರಹಸ್ಯಪದಗಳೂ ಇರುತ್ತವೆ ಎಂಬುದನ್ನು ಮರೆಯಬಾರದು.

ಪ್ರತಿ ತಿಂಗಳು: ಹೊಸ ಆವೃತ್ತಿ ಬಿಡುಗಡೆಯಾಗಿದೆಯೇ ಎಂಬ ಪರಿಶೀಲನೆ, ಪ್ರಮಾಣಪತ್ರಗಳ ಉಳಿದ ಅವಧಿಯ ಪರಿಶೀಲನೆ, ವರ್ಗಾವಣೆ, ನಿವೃತ್ತಿ ಅಥವಾ ವ್ಯಾಸಂಗ ಮುಕ್ತಾಯದಿಂದ ನಿರ್ಗಮಿಸಿದವರ ಖಾತೆಗಳ ರದ್ದತಿ.

ಖಾತೆಯನ್ನು ರದ್ದುಪಡಿಸಿದ ಮಾತ್ರಕ್ಕೆ ಚಾಲ್ತಿಯಲ್ಲಿರುವ ಸಂಪರ್ಕ ಕಡಿತವಾಗುವುದಿಲ್ಲ. ಸರ್ವರ್ ಮುಂದಿನ ಕೋರಿಕೆಯನ್ನು ಮಾತ್ರ ನಿರಾಕರಿಸುತ್ತದೆ. ತಕ್ಷಣ ಕಡಿತಗೊಳಿಸಬೇಕಾದಲ್ಲಿ ಉಪಕರಣಕ್ಕೆ ಪೋರ್ಟ್ 3799ರ ಮೂಲಕ ಸಂಪರ್ಕ ಕಡಿತದ ಆದೇಶವನ್ನು ಕಳುಹಿಸಬೇಕು, ಅಥವಾ ಪ್ರತಿ ಸಂಪರ್ಕಕ್ಕೂ ಮೊದಲೇ ಗರಿಷ್ಠ ಅವಧಿಯನ್ನು ನಿಗದಿಪಡಿಸಿರಬೇಕು.

11. ಸಾಮಾನ್ಯ ತೊಂದರೆಗಳು

ಪ್ರಶ್ನೆ: ಉಪಕರಣದಿಂದ ಕೋರಿಕೆ ಹೋಗುತ್ತಿದೆ, ಆದರೆ ಯಾವ ಉತ್ತರವೂ ಬರುತ್ತಿಲ್ಲ.
ಉತ್ತರ: ಉಪಕರಣದ ಐಪಿ ವಿಳಾಸ ನೋಂದಣಿಯಾಗಿಲ್ಲದಿರಬಹುದು ಅಥವಾ ಫೈರ್‌ವಾಲ್ ತಡೆಯುತ್ತಿರಬಹುದು. ದೋಷಪರಿಶೀಲನಾ ಸ್ಥಿತಿಯಲ್ಲಿ ಕೋರಿಕೆ ಕಾಣಿಸಿಕೊಳ್ಳದಿದ್ದರೆ ಫೈರ್‌ವಾಲ್ ಅನ್ನೂ, ಅಪರಿಚಿತ ಗ್ರಾಹಕ ಎಂಬ ಸಂದೇಶ ಬಂದಲ್ಲಿ ನೋಂದಣಿಯನ್ನೂ ಪರಿಶೀಲಿಸಬೇಕು.

ಪ್ರಶ್ನೆ: ಪಾಸ್‌ವರ್ಡ್ ಸರಿಯಿದ್ದರೂ ಎಲ್ಲರಿಗೂ ನಿರಾಕರಣೆಯಾಗುತ್ತಿದೆ.
ಉತ್ತರ: ದೋಷಪರಿಶೀಲನೆಯಲ್ಲಿ ಪಾಸ್‌ವರ್ಡ್ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡುಬಂದಲ್ಲಿ, ಎರಡೂ ಕಡೆಯ ರಹಸ್ಯಪದಗಳು ಬೇರೆ ಬೇರೆಯಾಗಿವೆ ಎಂದರ್ಥ.

ಪ್ರಶ್ನೆ: ಸಂರಚನೆ ಬದಲಿಸಿದ ನಂತರ ಸರ್ವರ್ ಆರಂಭವಾಗುತ್ತಿಲ್ಲ.
ಉತ್ತರ: ‘ರೇಡಿಯಸ್‌ಡಿ ಹೈಫನ್ ಎಕ್ಸ್‌ಸಿ’ (ಎರಡೂ ದೊಡ್ಡಕ್ಷರ) ಆದೇಶವು ಸೇವೆ ಆರಂಭಿಸದೆಯೇ ಕಡತಗಳನ್ನು ಪರಿಶೀಲಿಸಿ ದೋಷವಿರುವ ಸಾಲನ್ನು ತಿಳಿಸುತ್ತದೆ. ಪ್ರತಿ ಬದಲಾವಣೆಯ ನಂತರ, ಸೇವೆಯನ್ನು ಪುನರಾರಂಭಿಸುವ ಮುನ್ನವೇ ಇದನ್ನು ಚಲಾಯಿಸುವುದು ಒಳಿತು.

12. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಅ) ಜಾಲಕ್ಕೆ ಸೇರುವಾಗ ಪ್ರಮಾಣಪತ್ರದ ಬಗ್ಗೆ ಎಚ್ಚರಿಕೆ ಕಂಡುಬಂದಲ್ಲಿ ಅದನ್ನು ಕಡೆಗಣಿಸಿ ಮುಂದುವರಿಯಬಾರದು, ಸಂಸ್ಥೆಯ ಸಿಬ್ಬಂದಿಯನ್ನು ವಿಚಾರಿಸಬೇಕು.

ಆ) ಸಾರ್ವಜನಿಕ ಜಾಲದ ಖಾತೆಗೆ ಬ್ಯಾಂಕ್ ಅಥವಾ ಇಮೇಲ್ ಖಾತೆಯ ಪಾಸ್‌ವರ್ಡ್ ಅನ್ನು ಬಳಸಬಾರದು.

ಇ) ತಮ್ಮ ಖಾತೆಯನ್ನು ಇತರರಿಗೆ ನೀಡಬಾರದು. ಆ ಖಾತೆಯಿಂದ ನಡೆದ ಬಳಕೆಯು ದಾಖಲೆಯಲ್ಲಿ ಖಾತೆದಾರರ ಹೆಸರಿನಲ್ಲಿಯೇ ಇರುತ್ತದೆ.

ಈ) ಬಿಲ್ಲಿನ ಮೊತ್ತದ ಬಗ್ಗೆ ಆಕ್ಷೇಪಣೆಯಿದ್ದಲ್ಲಿ, ಸಂಪರ್ಕದ ಆರಂಭ ಮತ್ತು ಮುಕ್ತಾಯದ ವೇಳೆ ಹಾಗೂ ಕಳುಹಿಸಿದ ಮತ್ತು ಪಡೆದ ದತ್ತಾಂಶದ ಪ್ರತ್ಯೇಕ ವಿವರಗಳನ್ನು ಸಂಸ್ಥೆಯಿಂದ ಲಿಖಿತವಾಗಿ ಕೋರಬಹುದು. ಲೆಕ್ಕದ ವ್ಯವಸ್ಥೆಯನ್ನು ಸಕ್ರಿಯಗೊಳಿಸಿರುವ ಸಂಸ್ಥೆಯಲ್ಲಿ ಈ ವಿವರಗಳು ದೊರೆಯುತ್ತವೆ.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ನೀಡಲಾಗಿದೆ. ಅಧಿನಿಯಮ, ನಿಯಮ ಮತ್ತು ನಿರ್ದೇಶನಗಳ ವಿಷಯದಲ್ಲಿ ಮೂಲ ಅಧಿಸೂಚನೆಗಳೇ ಅಂತಿಮ. ಸ್ಥಾಪನೆಗೆ ಮುನ್ನ, ಆಯ್ಕೆ ಮಾಡಿಕೊಂಡ ಆವೃತ್ತಿಯೊಂದಿಗೆ ಬರುವ ದಾಖಲೆಗಳನ್ನು ಕಡ್ಡಾಯವಾಗಿ ಓದಿಕೊಳ್ಳತಕ್ಕದ್ದು.